ಹಾರ್ಡ್ ಡಿಸ್ಕ್ ಟಕ್ ಟಕ್ ಅಂತಿದೆಯಾ? ಮೊದಲು ಫೈಲ್ ಉಳಿಸಿಕೊಳ್ಳಿ

ದಾವಣಗೆರೆಯ ಮಂಡಿಪೇಟೆಯ ಅಂಗಡಿಗಳಲ್ಲಿ, ಫೋಟೊ ಸ್ಟುಡಿಯೋಗಳಲ್ಲಿ ಹಳೆಯ ಕಂಪ್ಯೂಟರ್‌ಗಳು ಇನ್ನೂ ದುಡಿಯುತ್ತಿವೆ. ಟ್ಯಾಲಿ ಲೆಕ್ಕ, ಮದುವೆ ಫೋಟೊ ಎಲ್ಲಾ ಒಂದೇ ಹಾರ್ಡ್ ಡಿಸ್ಕ್‌ನಲ್ಲಿ. ಅದು ಸದ್ದು ಮಾಡಲು ಶುರು ಮಾಡಿದರೆ ನಮ್ಮವರು ಮೊದಲು ಮಾಡೋದು ಏನು ಹೇಳಿ? ಸಿಪಿಯು ಡಬ್ಬಿಗೆ ಎರಡು ಏಟು ಕೊಡೋದು. ದಯವಿಟ್ಟು ಬೇಡ. ಒಳಗೆ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತವೆ, ಓದುವ ಹೆಡ್ ಅವುಗಳಿಗೆ ತಾಗೀತಾಗದಂತೆ ತೇಲುತ್ತಿರುತ್ತದೆ. ಒಂದು ಏಟಿಗೆ ಅದು ತಟ್ಟೆಗೆ ತಾಗಿದರೆ ಮುಗೀತು.

ಮೊದಲು ಸದ್ದು ಯಾವ ಥರ ಅಂತ ಕಿವಿಗೊಟ್ಟು ಕೇಳಿ. ಫೈಲ್ ತೆರೆದಾಗ ಸಣ್ಣದಾಗಿ ಕರಕರ ಅಂದರೆ ಅದು ಮಾಮೂಲಿ, ಹೆಡ್ ಓಡಾಡುವ ಸದ್ದು. ಒಂದೇ ಲಯದಲ್ಲಿ ಟಕ್, ಟಕ್, ಟಕ್ ಅಂತಿದ್ದರೆ ಮಾತ್ರ ಹುಷಾರು. ಹೆಡ್ ತನ್ನ ಜಾಗ ಹುಡುಕಿ, ಸಿಗದೆ ವಾಪಸ್ ಬಂದು, ಮತ್ತೆ ಹುಡುಕುತ್ತಿದೆ ಅಂತ ಅರ್ಥ. ಗರಗರ ಉಜ್ಜಿದಂತೆ ಕೇಳಿಸಿದರೆ ಇನ್ನೂ ಕೆಟ್ಟದು. ಇವೆರಡರಲ್ಲಿ ಯಾವುದಾದರೂ ಸರಿ, ತಕ್ಷಣ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿ ನೋಡಿದಷ್ಟೂ ತಟ್ಟೆಗೆ ಗೀರು ಬೀಳುವ ಅಪಾಯ ಜಾಸ್ತಿ.

ಬರೀ ಗುಂಯ್ ಅನ್ನುವ ಸದ್ದಾದರೆ ಅಷ್ಟು ಗಾಬರಿ ಬೇಡ, ಅದು ಡಿಸ್ಕ್‌ನದ್ದೇ ಅಲ್ಲದಿರಬಹುದು. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಡಿಸ್ಕ್‌ನ ಪವರ್ ಕೇಬಲ್ ತೆಗೆದು, ಮತ್ತೆ ಆನ್ ಮಾಡಿ. ವಿಂಡೋಸ್ ಬರೋದಿಲ್ಲ, ಬರಬೇಕಾಗಿಯೂ ಇಲ್ಲ. ಸದ್ದು ಇನ್ನೂ ಇದ್ದರೆ ಅದು ಫ್ಯಾನ್. ಮಂಡಕ್ಕಿ ಭಟ್ಟಿ, ಅಕ್ಕಿ ಗಿರಣಿ ಹತ್ತಿರ ಇರುವವರ ಫ್ಯಾನ್‌ನಲ್ಲಿ ಎಷ್ಟು ದೂಳು ಕೂತಿರುತ್ತೆ ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ? ಡಿಸ್ಕ್ ಕೂರಿಸಿದ ಸ್ಕ್ರೂ ಸಡಿಲವಾಗಿ ಡಬ್ಬಿ ನಡುಗುವುದೂ ಉಂಟು, ಬಿಗಿ ಮಾಡಿದರೆ ಸಾಕು. ನಿಮ್ಮದರಲ್ಲಿ ಎಸ್‌ಎಸ್‌ಡಿ, ಅಂದರೆ ಚಿಪ್‌ನಲ್ಲಿ ಫೈಲ್ ಇಡುವ ಹೊಸ ಥರದ ಡಿಸ್ಕ್ ಮಾತ್ರ ಇದ್ದರೆ ಡಿಸ್ಕ್ ಮೇಲೆ ಅನುಮಾನ ಬೇಡ, ಅದರಲ್ಲಿ ತಿರುಗುವ ಭಾಗವೇ ಇಲ್ಲ.

ಯುಎಸ್‌ಬಿ ಡಿಸ್ಕ್ ಬೀಪ್ ಅಂದು ತಿರುಗದೇ ಇದ್ದರೆ ಎಷ್ಟೋ ಸಲ ಕರೆಂಟ್ ಸಾಲದೆ ಹಾಗಾಗುತ್ತದೆ. ಹಬ್ (ಒಂದು ಪೋರ್ಟನ್ನು ಹಲವಾಗಿಸುವ ಡಬ್ಬಿ) ಬಿಟ್ಟು ಕಂಪ್ಯೂಟರ್‌ನ ಹಿಂಬದಿ ಪೋರ್ಟ್‌ಗೆ ನೇರವಾಗಿ ಹಾಕಿ, ಕೇಬಲ್ ಬದಲಿಸಿ ನೋಡಿ. ಆಗಲೂ ಬೀಪ್ ಅಂದರೆ ಮೋಟಾರೋ ಹೆಡ್ಡೋ ಸಿಕ್ಕಿಕೊಂಡಿದೆ, ಮತ್ತೆ ಆನ್ ಮಾಡುವ ಪ್ರಯತ್ನ ಬಿಟ್ಟುಬಿಡಿ.

ಡಿಸ್ಕ್ ಆಗೊಮ್ಮೆ ಈಗೊಮ್ಮೆ ಸದ್ದು ಮಾಡುತ್ತಾ ಇನ್ನೂ ತೆರೆಯುತ್ತಿದ್ದರೆ, ರಿಪೇರಿ ಮಾತು ಆಮೇಲೆ. ಬೇರೊಂದು ಡಿಸ್ಕ್ ತಂದು ತುಂಬ ಬೇಕಾದ ಫೋಲ್ಡರ್‌ನಿಂದಲೇ ಕಾಪಿ ಶುರು ಮಾಡಿ, ಸಿನಿಮಾ ಕೊನೆಗೆ. ಈ ಹೊತ್ತಲ್ಲಿ ವಿಂಡೋಸ್‌ನಲ್ಲೇ ಇರುವ ಡಿಸ್ಕ್ ತಪಾಸಣೆ ತಂತ್ರಾಂಶ ಚೆಕ್‌ಡಿಸ್ಕ್ ಓಡಿಸಬೇಡಿ, ಸೋತ ಡಿಸ್ಕ್‌ಗೆ ಅದು ಇನ್ನಷ್ಟು ಭಾರ. ಕಾಪಿ ಮುಗಿದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ತಂತ್ರಾಂಶದಲ್ಲಿ 05, ಸಿ5, ಸಿ6 ಸಾಲುಗಳನ್ನು ನೋಡಿ, ಡಿಸ್ಕ್‌ನಲ್ಲಿ ಕೆಟ್ಟ ಅಥವಾ ಓದಲಾಗದ ಜಾಗಗಳ ಲೆಕ್ಕ ಅಲ್ಲಿರುತ್ತದೆ. ಅಲ್ಲಿನ ರಾ (Raw) ಕಾಲಂನ ಸಂಖ್ಯೆ ಸೊನ್ನೆ ಬಿಟ್ಟು ದಿನದಿನಕ್ಕೆ ಏರುತ್ತಿದ್ದರೆ ಹೊಸ ಡಿಸ್ಕ್ ಕೊಳ್ಳಿ. ಎಲ್ಲಾ ಸರಿ ಅಂತ ತೋರಿಸಿದರೂ ಟಕ್ ಟಕ್ ನಿಲ್ಲದಿದ್ದರೆ ನಾನಂತೂ ಕಿವಿಯನ್ನೇ ನಂಬುತ್ತೇನೆ.

ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತೆ ಅನ್ನೋರ ಮಾತು ಕೇಳಬೇಡಿ, ಒಳಗೆ ನೀರಿನ ಪಸೆ ಕೂರುತ್ತದೆ. ಯಾವ ಅಂಗಡಿಯವರಾದರೂ ನಿಮ್ಮ ಮುಂದೆಯೇ ಡಿಸ್ಕ್‌ನ ಮುಚ್ಚಳ ಬಿಚ್ಚಲು ಹೊರಟರೆ ಸುಮ್ನೆ ವಾಪಸ್ ಇಸ್ಕೊಳ್ಳಿ. ಆ ಕೆಲಸ ದೂಳಿಲ್ಲದ ಕ್ಲೀನ್ ರೂಮ್‌ನಲ್ಲೇ ಆಗಬೇಕು, ಅಂಥ ರೂಮ್ ಇರುವವರನ್ನು ಬೆಂಗಳೂರಲ್ಲಿ ಹುಡುಕಿ. ಖರ್ಚು ಹೊಸ ಡಿಸ್ಕ್‌ಗಿಂತ ಎಷ್ಟೋ ಜಾಸ್ತಿ, ಅದಕ್ಕೆ ಮೊದಲೇ ದರ ಕೇಳಿ. ಡಿಸ್ಕ್ ಕೆಳಗೆ ಬಿದ್ದಿತ್ತಾ, ಎಂಥ ಸದ್ದು ಬಂತು, ಆಮೇಲೆ ಎಷ್ಟು ಸಲ ಆನ್ ಮಾಡಿದಿರಿ, ಇದನ್ನೆಲ್ಲ ಚೀಟಿಯಲ್ಲಿ ಬರೆದು ಜೊತೆಗಿಡಿ. ಕೊಡುವ ಮುಂಚೆ ಡಿಸ್ಕ್ ಮೇಲಿನ ಸೀರಿಯಲ್ ನಂಬರ್‌ನ ಫೋಟೊ ತೆಗೆದುಕೊಳ್ಳಿ.