ವೆಬ್‌ಸೈಟು ಬಿಡುಗಡೆ ಮಾಡುವ ಮುಂಚೆ ಗೆಳೆಯರಿಗೆ ತೋರಿಸಿ, ಆದ್ರೆ ‘ಹೆಂಗಿದೆ’ ಅಂತ ಕೇಳಬೇಡಿ

‘ಹೆಂಗಿದೆ ನೋಡ್ರಿ’ ಅಂತ ಲಿಂಕ್ ಕಳಿಸಿದರೆ ವಾಪಸ್ ಬರೋದು ಒಂದು ಹೆಬ್ಬೆಟ್ಟು, ಇಲ್ಲಾ ‘ಸೂಪರ್ ಅಣ್ಣಾ’. ಗಂಗಾವತಿಯ ಒಂದು ಅಕ್ಕಿ ಗಿರಣಿಗೆ ಮಾಡಿದ ವೆಬ್‌ಸೈಟನ್ನು ನಾನು ಹೀಗೇ ನಾಲ್ಕು ಜನ ಡೆವಲಪರ್ ಗೆಳೆಯರಿಗೆ ಕಳಿಸಿದ್ದೆ. ನಾಲ್ಕೂ ಹೆಬ್ಬೆಟ್ಟು. ಸೈಟು ಬಿಟ್ಟ ಮರುದಿನವೇ ಸಾಹುಕಾರರ ಫೋನು: ‘ಏನ್ರೀ, ಅಕ್ಕಿ ಹೋಗಿ ಅಕಿ ಆಗೈತಲ್ರೀ!’

ನೋಡಿದರೆ ನಿಜ. ದಪ್ಪ ಅಕ್ಷರದ ಹೆಡ್ಡಿಂಗಿನಲ್ಲಿ ಒತ್ತು ಪೂರ್ತಿ ಕತ್ತರಿಸಿ ಹೋಗಿ ‘ಸೋನಾ ಮಸೂರಿ ಅಕಿ’ ಅಂತ ಉಳಿದಿತ್ತು. ನಮ್ಮ ಕಡೆ ‘ಅಕಿ’ ಅಂದ್ರೆ ಯಾರು ಅಂತ ಹೇಳಬೇಕಾಗಿಲ್ಲ ಅಲ್ವಾ. ಇದರಲ್ಲಿ ಗೆಳೆಯರ ತಪ್ಪೇನೂ ಇರಲಿಲ್ಲ. ಏನು ನೋಡಬೇಕು ಅಂತ ನಾನು ಹೇಳಿರಲೇ ಇಲ್ಲ.

ಈಗ ನಾನು ಮಾಡೋದು ಹೀಗೆ. ಅಸಲಿ ಡೊಮೈನಿಗೆ, ಅಂದ್ರೆ ಸೈಟಿನ ಖಾಯಂ ವಿಳಾಸಕ್ಕೆ, ಏರಿಸುವ ನಾಲ್ಕೈದು ದಿನ ಮೊದಲು ಸೈಟನ್ನು ಒಂದು ಸಬ್‌ಡೊಮೈನಿನಲ್ಲಿ (ಅದೇ ವಿಳಾಸದ ಒಂದು ಉಪವಿಳಾಸ) ಪಾಸ್‌ವರ್ಡ್ ಹಾಕಿ ಇಡುತ್ತೇನೆ. ಗೆಳೆಯರಿಗೆ ತೋರಿಸ್ತೀನಿ ಅಂತ ಸಾಹುಕಾರರಿಗೆ ಮೊದಲೇ ಒಂದು ಮಾತು ಹೇಳಿರಬೇಕು, ಯಾಕಂದ್ರೆ ದರದ ಪಟ್ಟಿ ಹೊರಗೆ ಹೋಗೋದು ಎಲ್ಲರಿಗೂ ಇಷ್ಟ ಆಗಲ್ಲ. ಅಡ್ಮಿನ್ ಪಾಸ್‌ವರ್ಡ್ ಮಾತ್ರ ಎಂಥಾ ಜೀವದ ಗೆಳೆಯನಿಗೂ ಬೇಡ.

ಆಮೇಲೆ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ. ರಾಯಚೂರಿನ ಗೆಳೆಯನಿಗೆ ನಾನು ಕಳಿಸಿದ ಮೆಸೇಜ್ ಇದು: ‘ನೀನು ಹುಬ್ಬಳ್ಳಿಯ ವ್ಯಾಪಾರಿ ಅಂದ್ಕೋ. 25 ಕೆಜಿಯ 100 ಚೀಲ ಬೇಕು. ಮನೆಯಲ್ಲಿರೋ ಹಳೇ ಆಂಡ್ರಾಯ್ಡ್ ಫೋನಿನಲ್ಲಿ, ವೈಫೈ ಬಂದ್ ಮಾಡಿ, ಮೊದಲ ಪುಟದಿಂದ ಶುರು ಮಾಡಿ ಗಿರಣಿಗೆ ಫೋನ್ ಹಚ್ಚೋತನಕ ಹೋಗು. ಸ್ಕ್ರೀನ್ ರೆಕಾರ್ಡ್ ಮಾಡಿ ಕಳಿಸು.’ ಆ ರೆಕಾರ್ಡಿಂಗಿನಲ್ಲಿ ಅವನ ಬೆರಳು ಎಲ್ಲಿ ತಡವರಿಸಿತು ಅನ್ನೋದು ನೂರು ಹೆಬ್ಬೆಟ್ಟಿಗಿಂತ ಜಾಸ್ತಿ ಹೇಳುತ್ತೆ. ಸರ್ವರ್ ಗೊತ್ತಿರುವವನಿಗೆ ಸರ್ವರ್ ಕೆಲಸ ಕೊಡಿ. ಬಳ್ಳಾರಿಯಲ್ಲಿ ಒಬ್ಬಾಕೆ ಇದ್ದಾಳೆ, ಕೋಡಿಗಿಂತ ಕಾಗುಣಿತದ ಮೇಲೆ ಅವಳ ಕಣ್ಣು. ಅವಳಿಗೆ ಕನ್ನಡ ಪುಟಗಳು ಮಾತ್ರ.

ಕನ್ನಡದ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಲೇಬೇಕು. ನಾವು ತರುವ ಟೆಂಪ್ಲೇಟುಗಳು, ಅಂದ್ರೆ ಸೈಟಿನ ರೆಡಿಮೇಡ್ ಅಚ್ಚುಗಳು, ಇಂಗ್ಲಿಷಿಗೆ ಹೊಲಿದ ಅಂಗಿ. ಸಾಲಿನ ಎತ್ತರ 1, ಅಂದ್ರೆ ಅಕ್ಷರದ ಗಾತ್ರದಷ್ಟೇ ಅಂತ ಇಟ್ಟು, ಹೊರಗೆ ಚಾಚಿದ್ದನ್ನು ಮುಚ್ಚುವ ಸೆಟ್ಟಿಂಗೂ ಇದ್ದರೆ ಒತ್ತಕ್ಷರಕ್ಕೆ ಕತ್ತರಿ ಗ್ಯಾರಂಟಿ. ನಾನು 1.6ರಿಂದ ಶುರು ಮಾಡ್ತೀನಿ. ಅಕ್ಷರಗಳ ನಡುವೆ ಜಾಗ ಬಿಡುವ ಸೆಟ್ಟಿಂಗನ್ನು ಕನ್ನಡಕ್ಕೆ ಸೊನ್ನೆ ಮಾಡಿ. ನೋಟೋ ಸಾನ್ಸ್ ಕನ್ನಡದಂಥ ಫಾಂಟನ್ನು ಸೈಟಿನ ಜೊತೆಗೇ ಕೊಡಿ, ನೋಡುವವರ ಫೋನಿನಲ್ಲಿ ಏನಿದೆಯೋ ಅದನ್ನು ನಂಬಬೇಡಿ.

ಇದಕ್ಕಿಂತ ದೊಡ್ಡ ತಲೆನೋವು ಸಾಹುಕಾರರು ಕೊಡುವ ಮ್ಯಾಟರು. ಅದು ಬರೋದು ಪ್ರಿಂಟಿಂಗ್ ಪ್ರೆಸ್ಸಿನಿಂದ, ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಸೈಟಿಗೆ ಪೇಸ್ಟ್ ಮಾಡಿದ ತಕ್ಷಣ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ಯಾಕಂದ್ರೆ ಅದು ಎಲ್ಲ ಫೋನು-ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಸಂಕೇತ ಅಲ್ಲ, ಆ ಫಾಂಟ್ ಇದ್ದ ಕಡೆ ಮಾತ್ರ ಕನ್ನಡದಂತೆ ಕಾಣುತ್ತೆ. ಕನ್ವರ್ಟರಿಗೆ ಹಾಕಿ ಯೂನಿಕೋಡ್ ಮಾಡ್ಕೊಳ್ಳಿ, ಆದರೆ ಅಷ್ಟಕ್ಕೇ ಬಿಡಬೇಡಿ. ಅರ್ಕಾವತ್ತು, ದೀರ್ಘ, ಅಂಕಿಗಳು ಇರುವ ಕಡೆಯೆಲ್ಲ ಯಾರಾದರೂ ಜೋರಾಗಿ ಓದಿ ನೋಡಬೇಕು.

ಫೋಟೊಗಳದ್ದು ಚಿಕ್ಕ ಮಾತು: ವಾಟ್ಸಾಪಿನಲ್ಲಿ ಮಾಮೂಲಾಗಿ ಬಂದದ್ದು ಮಸುಕು. ಡಾಕ್ಯುಮೆಂಟ್ ಮಾಡಿ ಕಳಿಸಿ ಅನ್ನಿ, ಆಮೇಲೆ ನೀವೇ ವೆಬ್‌ಪಿ (ವೆಬ್‌ಗೆಂದೇ ಇರುವ ಹಗುರ ಫೋಟೊ ಫಾರ್ಮ್ಯಾಟ್) ಮಾಡಿ ಫೈಲಿನ ಗಾತ್ರ ಇಳಿಸಿ.

ಈಗ ಗೆಳೆಯರ ಮಾತುಗಳು ಬಂದವು ಅಂತಿಟ್ಟುಕೊಳ್ಳಿ. ಕೆಲಸ ಮಾಡದೆ ಕೆಟ್ಟು ನಿಂತದ್ದು, ಗಿರಾಕಿ ದಾರಿ ತಿಳಿಯದೆ ಸಿಕ್ಕಿಬೀಳುವಂಥದ್ದು, ಬರೀ ರುಚಿಯದ್ದು, ಹೀಗೆ ಮೂರು ಗುಡ್ಡೆ ಮಾಡಿ. ಮೊದಲನೆಯದನ್ನು ಅವತ್ತೇ ಸರಿ ಮಾಡಿ. ಎರಡನೆಯದರಲ್ಲಿ ಇಬ್ಬರು ಒಂದೇ ಕಡೆ ಎಡವಿದ್ದರೆ ವಾದ ಮಾಡದೆ ಬದಲಿಸಿ. ಮೂರನೆಯದಕ್ಕೆ ‘ಥ್ಯಾಂಕ್ಸ್’ ಅಂದು ಸುಮ್ನಿರಿ. ಒಬ್ಬ ಹಸಿರು ಜಾಸ್ತಿ ಆಯ್ತು ಅಂತಾನೆ, ಇನ್ನೊಬ್ಬ ಗದ್ದೆ ಹಸಿರೇ ಇನ್ನಷ್ಟು ಬೇಕು ಅಂತಾನೆ, ಇಬ್ಬರ ಮಾತೂ ಕೇಳಿದರೆ ಸೈಟು ಗಿಳಿಮರಿ ಆಗುತ್ತೆ. ‘ಅದು ಹಂಗಲ್ಲ, ನಾನು ಯಾಕೆ ಹಿಂಗೆ ಮಾಡಿದೆ ಅಂದ್ರೆ’ ಅಂತ ಶುರು ಮಾಡಬೇಡಿ. ಗಿರಾಕಿಯ ಪಕ್ಕ ಕೂತು ಅದನ್ನೇ ಹೇಳೋಕೆ ಆಗಲ್ಲವಲ್ಲ. ಕೆಲಸ ಮುಗಿದ ಮೇಲೆ ಒಗ್ಗರಣಿ-ಮಿರ್ಚಿ ಕೊಡಿಸಿ, ಅವರ ಸೈಟು ಬಂದಾಗ ನೀವೂ ಅಷ್ಟೇ ಶ್ರದ್ಧೆಯಿಂದ ನೋಡಿ.

ಏರಿಸುವ ದಿನ. ಏನಾದರೂ ಕೆಟ್ಟರೆ ಶನಿವಾರ-ಭಾನುವಾರ ಹಾಳು ಅಂತ ನಾವು ಶುಕ್ರವಾರ ಸಂಜೆ ಬೇಡ ಅಂತೀವಿ, ಸಾಹುಕಾರರು ಇಷ್ಟೊತ್ತಿಗೇ ಆಗಬೇಕು ಅಂತ ಮುಹೂರ್ತ ತರ್ತಾರೆ. ಜಗಳ ಬೇಡ. ಹಿಂದಿನ ರಾತ್ರಿಯೇ ಡೊಮೈನನ್ನು ಹೊಸ ಸೈಟಿನ ಕಡೆ ತಿರುಗಿಸಿ ಪಾಸ್‌ವರ್ಡ್ ಇಟ್ಟಿರಿ, ಮುಹೂರ್ತಕ್ಕೆ ಅವರ ಎದುರೇ ಅದನ್ನು ತೆಗೆಯಿರಿ. ಡಿಎನ್‌ಎಸ್ ಅಂದ್ರೆ ಡೊಮೈನ್ ಯಾವ ಸರ್ವರಿಗೆ ಹೋಗಬೇಕು ಅನ್ನೋ ಪಟ್ಟಿ, ಟಿಟಿಎಲ್ ಅಂದ್ರೆ ಅದನ್ನು ಬೇರೆ ಸರ್ವರ್‌ಗಳು ಎಷ್ಟು ಹೊತ್ತು ನೆನಪಿಟ್ಟುಕೊಳ್ತಾವೆ ಅನ್ನೋ ಲೆಕ್ಕ. ಆ ಟಿಟಿಎಲ್ 86400 ಸೆಕೆಂಡ್, ಅಂದ್ರೆ ಒಂದು ದಿನ ಇದ್ದರೆ, ಡೊಮೈನ್ ತಿರುಗಿಸುವ ಒಂದು ದಿನಕ್ಕೂ ಮುಂಚೆಯೇ 300ಕ್ಕೆ ಇಳಿಸಿ, ತಪ್ಪಾದರೆ ಬೇಗ ಹಿಂದಕ್ಕೆ ಬರಬಹುದು. ನೇಮ್‌ಸರ್ವರ್, ಅಂದ್ರೆ ಆ ಪಟ್ಟಿ ಇಡುವ ಸರ್ವರ್, ಬದಲಿಸುವುದಾದರೆ ಅದರಲ್ಲಿರುವ ಮೇಲ್ ದಾಖಲೆಗಳನ್ನು ಮೊದಲು ನಕಲು ಮಾಡಿಕೊಳ್ಳಿ. ಅದನ್ನು ಮರೆತರೆ ಸೈಟು ಚೆಂದ ಓಡ್ತಿರುತ್ತೆ, ಗಿರಣಿಯ ಮೇಲ್ ಮಾತ್ರ ನಿಂತಿರುತ್ತೆ, ಸಂಜೆತನಕ ಯಾರಿಗೂ ಗೊತ್ತಾಗಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಕೊಡುವ ಪುಕ್ಕಟೆ ಸುರಕ್ಷತಾ (https) ಸರ್ಟಿಫಿಕೇಟಿಗೆ ಆಯಸ್ಸು ಕಮ್ಮಿ, ತಾನಾಗೇ ನವೀಕರಣ ಆಗುತ್ತಾ ನೋಡಿ. ಹಳೇ ಪುಟಗಳ ವಿಳಾಸಕ್ಕೆ ಬಂದವರನ್ನು ಹೊಸ ಪುಟಕ್ಕೆ ಕಳಿಸುವ 301 ದಾರಿ ಹಾಕಿ. ಸೈಟು ಕಟ್ಟಿದ್ದು ವರ್ಡ್‌ಪ್ರೆಸ್ ಸಾಫ್ಟ್‌ವೇರಿನಲ್ಲಿ ಆದರೆ, ಸರ್ಚ್ ಎಂಜಿನ್‌ಗಳನ್ನು ತಡೆಯುವ ಟಿಕ್ ತೆಗೆದ್ರಾ? ಪರೀಕ್ಷೆಗೆ ಹಾಕಿದ್ದು ಹಾಗೇ ಉಳಿದುಬಿಡುತ್ತೆ. ಸಂಪರ್ಕದ ಫಾರ್ಮ್ ತುಂಬಿ, ಮೇಲ್ ಸಾಹುಕಾರರ ಇನ್‌ಬಾಕ್ಸಿಗೆ ಬಂತಾ, ಸ್ಪ್ಯಾಮಿಗೆ ಬಿತ್ತಾ ಅಂತ ಅವರ ಫೋನಿನಲ್ಲೇ ನೋಡಿ.

ಒಂದು ವಾರ ಬಿಟ್ಟು ಗಿರಣಿಯ ಗುಮಾಸ್ತರ ಹತ್ತಿರ ಹೋಗಿ, ಫೋನ್ ಮಾಡಿದವರು ಏನು ಕೇಳಿದರು ಅಂತ ಬರೆದುಕೊಳ್ಳಿ. ನನಗೆ ಅವರು ಹೇಳಿದ್ದು: ‘ಎಲ್ಲಾರೂ ಕಡಿಮೀ ಅಂದ್ರ ಎಷ್ಟು ಚೀಲ ತಗೋಬೇಕು ಅಂತಾನ ಕೇಳ್ತಾರ್ರೀ.’ ಅದು ಸೈಟಿನಲ್ಲಿ ಇತ್ತು. ಮೂರನೇ ಪುಟದ ತಳದಲ್ಲಿ.