ಐದು ಹಾಳೆ ಪೇಪರ್, ಒಂದು ಖಣ, ಒಂದು ಕನ್ನಡಿ: ಬಾಡಿ, ಲೆನ್ಸ್ ಹೋಲಿಸಿ ನೋಡುವ ಬಗೆ

ಬನಶಂಕರಿ ಜಾತ್ರೆಯ ನಾಟಕದಲ್ಲಿ ಒಂದು ಕ್ಯಾಮೆರಾ, ಮದುವೆ ಮಂಟಪದಲ್ಲಿ ಇನ್ನೊಂದು ಕ್ಯಾಮೆರಾ ಬಳಸಿ ತೆಗೆದ ಫೋಟೊಗಳನ್ನು ಪಕ್ಕಪಕ್ಕ ಇಟ್ಟು "ಇದರಲ್ಲಿ ಗ್ರೇನ್ಸ್ ಕಡಿಮೆ" ಅಂದರೆ ಏನೂ ಗೊತ್ತಾಗುವುದಿಲ್ಲ. ಬೆಳಕು ಬೇರೆ, ದೂರ ಬೇರೆ, ಲೆನ್ಸೂ ಬೇರೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಲೆನ್ಸ್ ಪರೀಕ್ಷೆ ಮಾಡುವಾಗ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಅದೇ ಇರಲಿ, ಬಾಡಿ ಪರೀಕ್ಷೆ ಮಾಡುವಾಗ ಲೆನ್ಸ್ ಅದೇ ಇರಲಿ. ಎರಡು ಕಂಪನಿಯ ಬಾಡಿಗಳಾಗಿ ಲೆನ್ಸ್ ಕೂಡದಿದ್ದರೆ, ಒಂದೇ ಫೋಕಲ್ ಲೆಂಗ್ತಿನ (ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಅಳತೆ) ಲೆನ್ಸ್‌ಗಳನ್ನು ಎಫ್/5.6 ಅಪರ್ಚರಿಗೆ (ಬೆಳಕು ಬರುವ ಕಿಂಡಿ, ಅಂಕಿ ದೊಡ್ಡದಾದಷ್ಟೂ ಕಿರಿದು) ಇಟ್ಟು ನೋಡಬಹುದು.

ಗೋಡೆಯ ಪರೀಕ್ಷೆ

ಸಪಾಟಾದ ಗೋಡೆಯ ಮೇಲೆ ದಿನಪತ್ರಿಕೆಯ ಐದು ಹಾಳೆ ಅಂಟಿಸಿ: ನಡುವೆ ಒಂದು, ನಾಲ್ಕು ಮೂಲೆಗೆ ನಾಲ್ಕು. ನಡುವಿನ ಹಾಳೆಯ ಪಕ್ಕ ಗುಳೇದಗುಡ್ಡದ ಖಣದ ತುಂಡೊಂದನ್ನು ಸುಕ್ಕಿಲ್ಲದಂತೆ ಪಿನ್ ಮಾಡಿ. ಅದರ ಸಣ್ಣ ಬುಟ್ಟಾ, ಎಳೆ ಎಳೆಯ ನೇಯ್ಗೆ ದುಡ್ಡು ಕೊಟ್ಟು ತರುವ ಟೆಸ್ಟ್ ಚಾರ್ಟಿಗೆ ಕಡಿಮೆಯೇನಲ್ಲ. ಫೋಟೊದಲ್ಲಿ ಖಣದ ಮೇಲೆ ಬಟ್ಟೆಯಲ್ಲಿಲ್ಲದ ಬಣ್ಣದ ಅಲೆಗಳು ಕಂಡರೆ ಲೆನ್ಸ್ ಕೆಟ್ಟಿದೆ ಎಂದುಕೊಳ್ಳಬೇಡಿ. ಸೆನ್ಸರಿನ (ಚಿತ್ರ ಹಿಡಿಯುವ ಚಿಪ್‌ನ) ಪಿಕ್ಸೆಲ್‌ಗಳು ಹಿಡಿಯಲಾರದಷ್ಟು ಸಣ್ಣ ವಿವರವನ್ನು ಲೆನ್ಸ್ ಕೊಡುತ್ತಿದೆ ಎಂದು ಅದರ ಅರ್ಥ.

ದೂರ ಫೋಕಲ್ ಲೆಂಗ್ತಿನ ಐವತ್ತು ಪಟ್ಟು ಇರಲಿ: 50 ಮಿ.ಮೀ. ಲೆನ್ಸಿಗೆ ಎರಡೂವರೆ ಮೀಟರ್. ಫುಲ್ ಫ್ರೇಮ್‌ನಲ್ಲಿ (36×24 ಮಿ.ಮೀ. ಸೆನ್ಸರ್) ಆಗ ಗೋಡೆಯ 1.8 ಮೀಟರ್ ಅಗಲ, 1.2 ಮೀಟರ್ ಎತ್ತರ ಸೇರುತ್ತದೆ. ಅದಕ್ಕಿಂತ ಚಿಕ್ಕ ಸೆನ್ಸರಿನ ಎಪಿಎಸ್-ಸಿಯಲ್ಲಿ ಸುಮಾರು 1.2 ಮೀಟರ್ ಅಗಲ ಮಾತ್ರ, ಹಾಳೆಗಳನ್ನು ಅರ್ಧ ಮಡಚಿ ಒತ್ತಾಗಿ ಅಂಟಿಸಿ.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಕ್ಯಾಮೆರಾ ಗೋಡೆಗೆ ನೇರ ಇರದೆ ಕೊಂಚ ಓರೆಯಾದರೂ ಒಂದು ಬದಿ ಮಸುಕಾಗುತ್ತದೆ, ಬೈಗುಳ ಲೆನ್ಸಿಗೆ. ಕೈಗನ್ನಡಿಯೊಂದನ್ನು ಫ್ರೇಮಿನ ನಟ್ಟನಡುವೆ ಗೋಡೆಗೆ ಒತ್ತಿ ಹಿಡಿಯಿರಿ. ಲೈವ್ ವ್ಯೂನಲ್ಲಿ (ಹಿಂಬದಿಯ ಪರದೆಯಲ್ಲಿ) ನಿಮ್ಮ ಲೆನ್ಸಿನದೇ ಬಿಂಬ ಸರಿಯಾಗಿ ಮಧ್ಯಕ್ಕೆ ಬರುವವರೆಗೆ ಟ್ರೈಪಾಡ್ ಹೊಂದಿಸಿ. ಬಂತೆಂದರೆ ಕ್ಯಾಮೆರಾ ಗೋಡೆಗೆ ನೇರ ನಿಂತಿದೆ.

ಫ್ಯಾನ್ ಆರಿಸಿ, ಇಲ್ಲದಿದ್ದರೆ ಹಾಳೆಗಳು ಅಲುಗಾಡುತ್ತವೆ. ಮಹಡಿಯ ಮೇಲಾದರೆ ಯಾರೂ ಓಡಾಡದಿರಲಿ. ಐಎಸ್‌ಒ (ಬೆಳಕಿಗೆ ಸಂವೇದನೆಯ ಅಂಕಿ) 100, ಎರಡು ಸೆಕೆಂಡಿನ ಟೈಮರ್ (ಟ್ರೈಪಾಡ್ ತೆಳ್ಳಗಿದ್ದರೆ ಹತ್ತು), ಸ್ಟೆಬಿಲೈಸರ್ (ಕೈ ನಡುಕ ತಡೆಯುವ ವ್ಯವಸ್ಥೆ) ಆಫ್, ಡಿಎಸ್‌ಎಲ್‌ಆರ್ ಆದರೆ ಮಿರರ್ ಲಾಕ್ (ಒಳಗಿನ ಕನ್ನಡಿಯನ್ನು ಮೊದಲೇ ಮೇಲೆತ್ತಿಡುವುದು). ಆಟೊ ಫೋಕಸ್ ನಂಬದೆ ಲೈವ್ ವ್ಯೂವನ್ನು ಪೂರ್ತಿ ದೊಡ್ಡದು ಮಾಡಿ ಕೈಯಿಂದಲೇ ಫೋಕಸ್ ಮಾಡಿ. ಎಫ್/1.8, 2.8, 4, 5.6, 8, 11, 16 – ಪ್ರತಿ ಅಪರ್ಚರಿಗೂ ಮೂರು ಫೋಟೊ, ಪ್ರತಿ ಫೋಟೊಗೂ ಹೊಸದಾಗಿ ಫೋಕಸ್. ಮೂರರಲ್ಲಿ ಚೆನ್ನಾಗಿ ಬಂದದ್ದೊಂದನ್ನೇ ಲೆಕ್ಕಕ್ಕೆ ಹಿಡಿಯಿರಿ. ಬೇಸರದ ಕೆಲಸವೇ. ಆದರೆ ಕೆಲವು ಲೆನ್ಸ್‌ಗಳಲ್ಲಿ ಅಪರ್ಚರ್ ಕಿರಿದಾದಂತೆ ಫೋಕಸ್ ಜರಗುತ್ತದೆ. ಒಮ್ಮೆ ಮಾಡಿ ಬಿಟ್ಟರೆ ಎಫ್/2.8ರ ಫಲಿತಾಂಶ ಸುಳ್ಳಾಗಬಹುದು.

ಫಲಿತಾಂಶ ಓದುವುದು

ಬಹುಪಾಲು ಲೆನ್ಸ್‌ಗಳು ಎಫ್/5.6ರಿಂದ 8ರ ನಡುವೆ ಅತಿ ಶಾರ್ಪ್. ಎಫ್/16ಕ್ಕೆ ಡಿಫ್ರಾಕ್ಷನ್ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವುದು) ಎಲ್ಲವನ್ನೂ ಒಂದೇ ಸಮ ಮಂದ ಮಾಡುತ್ತದೆ, ಅಲ್ಲಿ ಹೋಲಿಕೆಗೆ ಅರ್ಥವಿಲ್ಲ. ದುಬಾರಿ ಲೆನ್ಸಿಗೂ ಅಗ್ಗದ ಲೆನ್ಸಿಗೂ ನಿಜವಾದ ಅಂತರ ಕಾಣುವುದು ಅಪರ್ಚರ್ ಪೂರ್ತಿ ತೆರೆದಾಗ, ಅದೂ ಮೂಲೆಗಳಲ್ಲಿ.

ನಾಲ್ಕೂ ಮೂಲೆ ಒಂದೇ ಸಮ ಮಸುಕಾಗಿದ್ದರೆ, ಮೂಲೆಗೇ ಫೋಕಸ್ ಮಾಡಿ ಇನ್ನೊಂದು ತೆಗೆಯಿರಿ. ಮೂಲೆ ಸ್ಪಷ್ಟವಾಗಿ ನಡು ಮಸುಕಾದರೆ ಅದು ಲೆನ್ಸಿನ ಫೋಕಸ್ ತಲದ ಬಾಗು (ಫೋಕಸ್ ಚಪ್ಪಟೆಯಾಗಿ ಬೀಳದಿರುವುದು). ಗೋಡೆಯ ಫೋಟೊಗೆ ಮಾತ್ರ ಅಡ್ಡಿ, ಮದುವೆ ಫೋಟೊಗೆ ಗೊತ್ತೂ ಆಗದು. ಒಂದೇ ಬದಿ ಮಸುಕಾಗಿದ್ದರೆ ಕ್ಯಾಮೆರಾ ತಲೆಕೆಳಗು ಮಾಡಿ, ಕನ್ನಡಿಯಿಂದ ಮತ್ತೆ ಹೊಂದಿಸಿ ತೆಗೆಯಿರಿ. ಈಗಲೂ ಗೋಡೆಯ ಅದೇ ಹಾಳೆ ಮಸುಕಾದರೆ ತಪ್ಪು ಜೋಡಣೆಯದು ಇಲ್ಲವೇ ಗೋಡೆಯದು. ಮಸುಕು ಎದುರು ಬದಿಯ ಹಾಳೆಗೆ ಹೋದರೆ ಲೆನ್ಸಿನೊಳಗಿನ ಗಾಜು ಜರುಗಿದೆ. ಸೆಕೆಂಡ್ ಹ್ಯಾಂಡ್ ಲೆನ್ಸಾದರೆ ಅದನ್ನು ಬಿಟ್ಟುಬಿಡಿ.

ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸ್‌ಗಳನ್ನು ದೂರದ ವಸ್ತುವಿನ ಮೇಲೆ ನೋಡಬೇಕು. ವಿಜಯಪುರದವರಿಗೆ ಗೋಲಗುಂಬಜದ ಏಳಂತಸ್ತಿನ ಮಿನಾರುಗಳಿಗಿಂತ ಒಳ್ಳೆಯ ಗುರಿ ಬೇಕಿಲ್ಲ: ಕಮಾನು, ಕಿಂಡಿ, ಕೂತ ಪಾರಿವಾಳ. ಆದರೆ ಏಪ್ರಿಲ್ ಮಧ್ಯಾಹ್ನ ಬೇಡ. ಕಾದ ನೆಲದ ಮೇಲಿನ ಗಾಳಿ ಕುದಿಯುವ ನೀರಿನ ಹಾಗೆ ಅಲುಗುತ್ತಿರುತ್ತದೆ, ಎಂಥ ಲೆನ್ಸೂ ಅಲ್ಲಿ ಸೋಲುತ್ತದೆ. ಸೂರ್ಯ ಮೂಡಿದ ಮೊದಲ ಅರ್ಧ ಗಂಟೆಯಲ್ಲಿ ಮುಗಿಸಿ.

ಕತ್ತಲೆಯ ಪರೀಕ್ಷೆ

ಕೋಣೆಯಲ್ಲಿ ಝೀರೋ ಬಲ್ಬ್ ಹಚ್ಚಿ. ಮೇಜಿನ ಮೇಲೆ ಕರಿ ಕಂಬಳಿ, ಅದರ ಮೇಲೆ ಖಣ, ಪಕ್ಕಕ್ಕೆ ಕುಂಕುಮದ ಬಟ್ಟಲು. ನಾಯ್ಸ್ (ಗ್ರೇನ್ಸ್) ಮೊದಲು ಹೊಕ್ಕುವುದು ಕಪ್ಪಿನೊಳಗೆ. ಕಂಬಳಿಯ ಉಣ್ಣೆಯ ಎಳೆಗಳು ಎಷ್ಟರವರೆಗೆ ಉಳಿಯುತ್ತವೆ ಎಂಬುದೇ ಇಲ್ಲಿ ಅಳತೆಗೋಲು. ಐಎಸ್‌ಒ 1600, 3200, 6400, 12800ರಲ್ಲಿ ಎರಡೂ ಬಾಡಿಗೆ ಅದೇ ಶಟರ್ ವೇಗ, ಅದೇ ಅಪರ್ಚರ್ ಇಡಿ. ಒಂದು ಕಂಪನಿಯ 3200 ಇನ್ನೊಂದರ 3200ಕ್ಕೆ ಸಮ ಇರಲೇಬೇಕೆಂದಿಲ್ಲ. ಹಾಗಾಗಿ ಒಂದು ಫೋಟೊ ಕಪ್ಪಾಗಿ ಬಂದರೆ ಶಟರ್ ಮುಟ್ಟಬೇಡಿ, ಆಮೇಲೆ ಕಂಪ್ಯೂಟರಿನಲ್ಲಿ ಸಮ ಮಾಡಿ. ಕರೆಂಟು ಏರಿಳಿಯುವ ಊರಾದರೆ ಮೊದಲ ಬಾಡಿ, ಎರಡನೆಯದು, ಮತ್ತೆ ಮೊದಲನೆಯದು ಎಂಬ ಸರದಿಯಲ್ಲಿ ತೆಗೆಯಿರಿ. ಮೊದಲನೆಯದರ ಎರಡು ಫೋಟೊಗಳಲ್ಲೇ ಬೆಳಕು ವ್ಯತ್ಯಾಸವಾಗಿದ್ದರೆ ಆ ಸುತ್ತು ರದ್ದು.

ಎಲ್ಇಡಿ ಬಲ್ಬಾದರೆ ಇನ್ನೊಂದು ತೊಡಕು. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಬಲ್ಬು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಎಲೆಕ್ಟ್ರಾನಿಕ್ ಶಟರಿನಲ್ಲಿ ಅಡ್ಡಪಟ್ಟಿಗಳು ಬೀಳುವುದು ಅದಕ್ಕೇ. ಮೆಕ್ಯಾನಿಕಲ್ ಶಟರ್ ಹಾಕಿ, ವೇಗ 1/50 ಇಲ್ಲವೇ 1/100 ಸೆಕೆಂಡ್ ಇಡಿ. ಆಗಷ್ಟೇ ವಿಡಿಯೊ ಮಾಡಿ ಬಿಸಿಯಾದ ಬಾಡಿಯನ್ನು ತಣ್ಣಗಿನ ಬಾಡಿಯ ಎದುರು ನಿಲ್ಲಿಸಬೇಡಿ. ಸೆನ್ಸರ್ ಬಿಸಿಯಾದಷ್ಟೂ ನಾಯ್ಸ್ ಹೆಚ್ಚು.

ಜೆಪೆಗ್ ನೋಡಿ ತೀರ್ಮಾನ ಬೇಡವೇ ಬೇಡ, ಅಲ್ಲಿ ಕ್ಯಾಮೆರಾ ತಾನೇ ನಾಯ್ಸ್ ಒರೆಸಿರುತ್ತದೆ. ಕ್ಯಾಮೆರಾ ತಿದ್ದದ ರಾ ಫೈಲ್‌ಗಳನ್ನು ಉಚಿತವಾಗಿ ಸಿಗುವ ತಂತ್ರಾಂಶಗಳಾದ ಡಾರ್ಕ್‌ಟೇಬಲ್ ಅಥವಾ ರಾಥೆರಪಿಯಲ್ಲಿ ತೆರೆದು ಶಾರ್ಪನಿಂಗ್, ನಾಯ್ಸ್ ರಿಡಕ್ಷನ್ ಎರಡನ್ನೂ ಸೊನ್ನೆ ಮಾಡಿ. ಆಮೇಲೆ ಎರಡನ್ನೂ ಒಂದೇ ಅಳತೆಗೆ, ಹೇಳುವುದಾದರೆ 3000 ಪಿಕ್ಸೆಲ್ ಅಗಲಕ್ಕೆ, ಇಳಿಸಿ. 6000 ಪಿಕ್ಸೆಲ್ ಅಗಲದ 24 ಮೆಗಾಪಿಕ್ಸೆಲ್ ಫೋಟೊವನ್ನೂ 8256 ಅಗಲದ 45 ಮೆಗಾಪಿಕ್ಸೆಲ್ ಫೋಟೊವನ್ನೂ ನೂರಕ್ಕೆ ನೂರು ಹಿಗ್ಗಿಸಿ ನೋಡಿದರೆ ಎರಡನೆಯದು ಸುಮ್ಮನೆ ಪೆಟ್ಟು ತಿನ್ನುತ್ತದೆ.

ಇನ್ನು ದುಡ್ಡಿನ ಲೆಕ್ಕ. ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ., ಎಪಿಎಸ್-ಸಿ ಸುಮಾರು 23.5×15.6. ವಿಸ್ತೀರ್ಣ ಎರಡೂ ಕಾಲು ಪಟ್ಟಿಗಿಂತ ತುಸು ಹೆಚ್ಚು, ಲಾಭ ಒಂದು ಸ್ಟಾಪಿನ (ಎರಡು ಪಟ್ಟು ಬೆಳಕು) ಮೇಲೆ ಚೂರು. ಅದೇ ಬಾಡಿಯ ಜೊತೆ ಬರುವ ಕಿಟ್ ಲೆನ್ಸಿನ ಎಫ್/5.6ರಿಂದ ಎಫ್/1.8ಕ್ಕೆ ಬಂದರೆ ಬೆಳಕು ಹತ್ತು ಪಟ್ಟಿನ ಹತ್ತಿರ: ಐಎಸ್‌ಒ 12800 ಬೇಡುತ್ತಿದ್ದ ಮಂಟಪದಲ್ಲಿ 1250 ಸಾಕು. ಆದ್ದರಿಂದ ಕಿಟ್ ಲೆನ್ಸ್ ಇಟ್ಟುಕೊಂಡು ಬಾಡಿ ಬದಲಿಸುವುದು ನಮ್ಮ ಪ್ರಕಾರ ದುಡ್ಡು ದಂಡ, ಮೊದಲು 50 ಮಿ.ಮೀ. ಎಫ್/1.8 ತಗೊಳ್ಳಿ. ಅದರಲ್ಲೂ ಒಂದು ತೊಡಕಿದೆ. ಎಪಿಎಸ್-ಸಿಯಲ್ಲಿ ಎರಡು ಮೀಟರ್ ದೂರಕ್ಕೆ ಫೋಕಸಿನ ಆಳ ಹನ್ನೆರಡು ಸೆಂಟಿಮೀಟರ್ ಅಷ್ಟೇ. ಮದುಮಗಳು ಸ್ಪಷ್ಟ, ಒಂದು ಹೆಜ್ಜೆ ಹಿಂದೆ ನಿಂತ ಮದುಮಗ ಮಸುಕು.

ಗೋಲಗುಂಬಜದ ಒಳಗೆ, ಬಾದಾಮಿಯ ಗುಹೆಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಬಿಡುವುದಿಲ್ಲ. ಸ್ಟೆಬಿಲೈಸರ್ ಪರೀಕ್ಷೆಗೆ ಅದೇ ಅನುಕೂಲ. ಕ್ರಿ.ಶ. 578ರ ಶಾಸನವಿರುವ ಬಾದಾಮಿಯ ಮೂರನೇ ಗುಹೆಯ ಒಳಭಾಗಕ್ಕೆ ಹೋಗಿ, ಕಂಬದ ಕೆತ್ತನೆಗೆ ಫೋಕಸ್ ಮಾಡಿ, 1/60, 1/30, 1/15, 1/8ರಲ್ಲಿ ಕೈಯಲ್ಲೇ ಹಿಡಿದು ಹತ್ತತ್ತು ಫೋಟೊ ತೆಗೆಯಿರಿ. ಮನೆಗೆ ಬಂದು ಪ್ರತಿ ಹತ್ತರಲ್ಲಿ ಅಲುಗದೆ ಬಂದವು ಎಷ್ಟು ಎಂದು ಎಣಿಸಿ. ಎಂಟಕ್ಕಿಂತ ಕಡಿಮೆ ಫೋಟೊ ಸರಿ ಬಂದ ವೇಗವನ್ನು ಮದುವೆ ಕೆಲಸಕ್ಕೆ ನಂಬಬೇಡಿ. ನಾಟಕದ ನಟರಿಗೆ ಈ ಯಾವ ಲೆಕ್ಕವೂ ನಡೆಯದು: ಅವರು ಅಲುಗುವುದನ್ನು ಸ್ಟೆಬಿಲೈಸರ್ ತಡೆಯಲಾರದು, ಅಲ್ಲಿ ಶಟರ್ 1/200 ಆದರೂ ಬೇಕು.