ತಾರಸಿ ಟ್ಯಾಂಕಿನ ಮನೆಗೆ ಪ್ರೆಷರ್ ಶವರ್: ಎಡವುವುದು ಬಿಸಿನೀರಿನಲ್ಲಿ

ಮೇಲಿನ ಮಹಡಿಯ ಬಾತ್‌ರೂಮಿಗೆ ಆಸೆಪಟ್ಟು ಎಂಟು ಇಂಚಿನ ರೇನ್ ಶವರ್ ಹಾಕಿಸುತ್ತಾರೆ. ತಿರುಗಿಸಿದರೆ ನಡುವಿನ ನಾಲ್ಕು ತೂತಿನಲ್ಲಿ ಮಾತ್ರ ನೀರು ಸಣ್ಣಗೆ ಇಳಿಯುತ್ತದೆ. ಆಮೇಲೆ ಪ್ಲಂಬರ್ ಬಂದು ತಾರಸಿಯಲ್ಲಿ ಒಂದು ಪ್ರೆಷರ್ ಪಂಪ್ ಕೂರಿಸಿ ಹೋಗುತ್ತಾರೆ. ತಣ್ಣೀರು ಭರ್ರನೆ ಬರುತ್ತದೆ, ಬಿಸಿನೀರು ನಿಂತೇ ಹೋಗುತ್ತದೆ. ಮೇಲೆ ಹತ್ತಿ ನೋಡಿದರೆ ಸೋಲಾರ್ ಟ್ಯಾಂಕಿನ ಏರ್ ಪೈಪಿನಿಂದ ನೀರು ಹೊರಗೆ ಸುರಿಯುತ್ತಿರುತ್ತದೆ. ಬೆಂಗಳೂರು, ಮೈಸೂರಿನ ಎಷ್ಟೋ ಮನೆಗಳಲ್ಲಿ ಇದನ್ನೇ ನೋಡಿದ್ದೇನೆ. ಪಂಪ್ ಎಷ್ಟೇ ಒಳ್ಳೆಯದಿರಲಿ, ಲೈನ್ ಸರಿಯಾಗಿ ಬೇರ್ಪಡಿಸದಿದ್ದರೆ ಹೀಗೇ ಆಗುವುದು.

ಮೊದಲು: ಪಂಪ್ ನಿಜವಾಗಿ ಬೇಕೇ?

ಸುಮಾರು 33 ಅಡಿ ಎತ್ತರದಿಂದ ನೀರು ಇಳಿದರೆ 1 ಬಾರ್ ಒತ್ತಡ ಸಿಗುತ್ತದೆ. ತಾರಸಿಯ ಮೇಲಿನ ಟ್ಯಾಂಕಿನ ನೀರಿಗೂ ಅದರ ಕೆಳಗಿನ ಮಹಡಿಯ ಶವರಿಗೂ ಹತ್ತು ಅಡಿ ಅಂತರವಿದ್ದರೆ ಅದು 0.3 ಬಾರ್ ಅಷ್ಟೇ. ದೊಡ್ಡ ಶವರಿಗೆ 1 ಬಾರ್ ಆದರೂ ಬೇಕು. ನೆಲಮಹಡಿಯಲ್ಲಿ ಚೆನ್ನಾಗಿ ಬರುವ ನೀರು ಮೇಲೆ ಬರದಿರುವುದಕ್ಕೆ ಇದೇ ಕಾರಣ.

ಆದರೂ ದುಡ್ಡು ಖರ್ಚು ಮಾಡುವ ಮುಂಚೆ ಶವರ್ ಹೆಡ್ ಬಿಚ್ಚಿ ನೋಡಿ. ಬೋರ್‌ವೆಲ್ ನೀರಿನ ಮನೆಯಾದರೆ ತೂತುಗಳಲ್ಲಿ ಬಿಳಿ ಉಪ್ಪು ಕಟ್ಟಿರುತ್ತದೆ. ಒಂದು ರಾತ್ರಿ ವಿನೆಗರ್‌ನಲ್ಲಿ ನೆನೆಹಾಕಿ ಉಜ್ಜಿ. ಟ್ಯಾಂಕಿನ ಗೇಟ್ ವಾಲ್ವ್ ಪೂರ್ತಿ ತೆರೆದಿದೆಯಾ ಅಂತಲೂ ನೋಡಿ. ಆಮೇಲೆ ಶವರ್ ಕೆಳಗೆ ಹತ್ತು ಲೀಟರ್ ಬಕೆಟ್ ಇಡಿ. ತುಂಬಲು ಎರಡು ನಿಮಿಷ ಮೀರಿದರೆ ಪಂಪ್ ಬೇಕು.

ಯಾವ ಪಂಪ್?

ಎರಡು ಬಾತ್‌ರೂಮಿನ ಮನೆಗೆ ಅರ್ಧ ಎಚ್‌ಪಿ ಸಾಕೇ ಸಾಕು. ಅಂಗಡಿಯವರು ಒಂದು ಎಚ್‌ಪಿ ತೋರಿಸುತ್ತಾರೆ, ಬೇಡ. ಒಂದೂವರೆಯಿಂದ ಎರಡು ಬಾರ್ ಸಿಕ್ಕರೆ ಸ್ನಾನ ಸೊಗಸಾಗಿರುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಹಳೆಯ ಜಾಯಿಂಟುಗಳು ಸೋರತೊಡಗುತ್ತವೆ.

ಫ್ಲೋ ಸ್ವಿಚ್ ಇರುವ ಪಂಪ್ ತೆಗೆದುಕೊಳ್ಳಿ ಅನ್ನುವುದು ನನ್ನ ಖಡಾಖಂಡಿತ ಸಲಹೆ. ನೀರು ಹರಿಯತೊಡಗಿದಾಗ ಅದು ಚಾಲೂ ಆಗುತ್ತದೆ, ಹರಿಯುವುದು ನಿಂತರೆ ತಾನೇ ಆಫ್ ಆಗುತ್ತದೆ. ಪ್ರೆಷರ್ ಸ್ವಿಚ್ ಪಂಪಿಗೆ ಒಂದು ತೊಂದರೆಯಿದೆ. ಫ್ಲಶ್ ಟ್ಯಾಂಕ್ ಚೂರು ಸೋರಿದರೂ ಲೈನಿನ ಒತ್ತಡ ಇಳಿದು ರಾತ್ರಿಯಿಡೀ ಆನ್, ಆಫ್ ಆಗುತ್ತಿರುತ್ತದೆ. ಆದರೆ ಶವರ್ ಹೆಚ್ಚುಕಡಿಮೆ ಟ್ಯಾಂಕಿನ ಮಟ್ಟದಲ್ಲೇ ಇದ್ದರೆ ನೀರು ತಾನಾಗಿ ಹರಿಯುವುದಿಲ್ಲ, ಫ್ಲೋ ಸ್ವಿಚ್ಚಿಗೆ ಗೊತ್ತೇ ಆಗುವುದಿಲ್ಲ. ಅಂಥ ಮನೆಗೆ ಮಾತ್ರ ಪುಟ್ಟ ಪ್ರೆಷರ್ ಟ್ಯಾಂಕ್ ಜೊತೆಗಿರುವ ಪ್ರೆಷರ್ ಸ್ವಿಚ್ ಪಂಪ್ ಹಾಕಿ.

ಶವರ್ ಪಕ್ಕದಲ್ಲೇ ಪೈಪಿಗೆ ಸಿಕ್ಕಿಸುವ ಅಗ್ಗದ ಪುಟ್ಟ ಪಂಪುಗಳೂ ಬಂದಿವೆ. ಮೈಗೆ ನೀರು ಬೀಳುವ ಜಾಗದಲ್ಲಿ ಕರೆಂಟಿನ ವೈರ್ ಎಳೆಯುವುದು ಬೇಡವೇ ಬೇಡ.

ತಣ್ಣೀರಿನ ಲೈನ್

ಟ್ಯಾಂಕ್ ಔಟ್‌ಲೆಟ್, ವಾಲ್ವ್, ಸ್ಟ್ರೈನರ್ (ಕಸ ತಡೆಯುವ ಜಾಲರಿ), ಪಂಪ್, ಎನ್‌ಆರ್‌ವಿ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್), ಆಮೇಲೆ ಮನೆಯ ಲೈನ್. ಇದೇ ಕ್ರಮ. ಪಂಪಿನ ಎರಡೂ ಕಡೆ ಯೂನಿಯನ್ (ಬಿಚ್ಚಿ ಜೋಡಿಸಬಹುದಾದ ಜಾಯಿಂಟ್) ಇರಲಿ, ಇಲ್ಲದಿದ್ದರೆ ರಿಪೇರಿಗೆ ಪೈಪ್ ಕೊಯ್ಯಬೇಕಾಗುತ್ತದೆ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪ್ ಒಂದು ಇಂಚಿಗಿಂತ ಸಣ್ಣದಾಗಬಾರದು, ನಡುವೆ ಎಲ್ಲೂ ಮೇಲೆದ್ದು ಇಳಿಯಬಾರದು. ಎದ್ದ ಕಡೆ ಗಾಳಿ ಸಿಕ್ಕಿಕೊಂಡು ಪಂಪ್ ಬರಿದೇ ತಿರುಗುತ್ತದೆ. ಪಂಪಿಗೆ ಪಕ್ಕದಲ್ಲೇ ಒಂದು ಬೈಪಾಸ್ ಪೈಪ್ ಕೊಟ್ಟು ಅದಕ್ಕೂ ಎನ್‌ಆರ್‌ವಿ ಹಾಕಿಸಿ. ಕರೆಂಟ್ ಹೋದಾಗ ಹಳೆಯ ಸಣ್ಣ ನೀರಾದರೂ ಬರುತ್ತದೆ.

ಪಂಪನ್ನು ಜಲಮಂಡಳಿಯ ಲೈನಿಗೆ ನೇರವಾಗಿ ಕೂರಿಸಬಾರದು. ಅದು ಕಾನೂನಿಗೂ ವಿರುದ್ಧ, ಪಕ್ಕದ ಮನೆಯ ನೀರಿಗೂ ಕುತ್ತು.

ಈಗ ಕಷ್ಟದ ಜಾಗ

ನಿಧಾನವಾಗಿ ಓದಿ. ಶವರ್ ಮಿಕ್ಸರ್ ಒಳಗೆ ತಣ್ಣೀರು, ಬಿಸಿನೀರು ಎರಡೂ ಸೇರುತ್ತವೆ. ಒಂದು ಕಡೆ ಎರಡು ಬಾರ್, ಇನ್ನೊಂದು ಕಡೆ 0.3 ಬಾರ್ ಇದ್ದರೆ ಜೋರಿನ ನೀರು ಸಪ್ಪೆ ನೀರನ್ನು ಹಿಂದಕ್ಕೆ ತಳ್ಳುತ್ತದೆ. ತಣ್ಣೀರು ಬಿಸಿನೀರಿನ ಪೈಪಿನಲ್ಲಿ ಹತ್ತಿಕೊಂಡು ಸೋಲಾರ್ ಟ್ಯಾಂಕಿಗೆ ಹೋಗಿ, ಅದರ ಏರ್ ಪೈಪಿನಿಂದ ಹೊರಗೆ ಬೀಳುತ್ತದೆ. ಅದಕ್ಕೇ ಎರಡೂ ಕಡೆ ಒಂದೇ ಒತ್ತಡ ಇರಬೇಕು.

ಬಾತ್‌ರೂಮಿನಲ್ಲಿ ಬರೀ ಕರೆಂಟ್ ಗೀಸರ್ ಇದ್ದರೆ ಸುಲಭ. ಗೀಸರಿಗೆ ಹೋಗುವುದೂ ಅದೇ ಪಂಪಿನ ತಣ್ಣೀರು, ಹಾಗಾಗಿ ಒತ್ತಡ ತಾನಾಗಿ ಸಮವಾಗುತ್ತದೆ. ಗೀಸರ್ ಮೇಲಿನ ಸ್ಟಿಕ್ಕರ್‌ನಲ್ಲಿ ಎಷ್ಟು ಬಾರ್ ಅಂತ ಓದಿ. 6.5 ಅಥವಾ 8 ಎಂದಿದ್ದರೆ ಚಿಂತೆಯಿಲ್ಲ. ಅದರ ಸೇಫ್ಟಿ ವಾಲ್ವ್ ಸೋರುತ್ತದೆ ಅಂತ ಡಮ್ಮಿ (ಬಿರಡೆ) ಹೊಡೆದು ಮುಚ್ಚಿದ್ದರೆ ಮೊದಲು ಹೊಸದು ಹಾಕಿಸಿ. ಇದು ಪ್ರಾಣದ ಪ್ರಶ್ನೆ.

ಸೋಲಾರ್ ಇದ್ದರೆ ಕೆಲಸ ಜಾಸ್ತಿ. ಮನೆಗಳ ಮೇಲೆ ಕಾಣುವ ಗಾಜಿನ ಕೊಳವೆಯ ಸೋಲಾರ್‌ಗಳಲ್ಲಿ ಬಹಳಷ್ಟು ಒತ್ತಡ ತಾಳುವಂಥವಲ್ಲ. ಅದರ ಟ್ಯಾಂಕಿಗೆ ತಣ್ಣೀರು ಕೊಡುವ ಪೈಪ್ ಪಂಪಿಗಿಂತ ಮೊದಲೇ, ಓವರ್‌ಹೆಡ್ ಟ್ಯಾಂಕಿನಿಂದ ಬೇರೆಯಾಗಿ ಬರಬೇಕು. ಪಂಪಿನ ನೀರು ಅದಕ್ಕೆ ಹೋದರೆ ಟ್ಯಾಂಕ್ ಉಬ್ಬಿ ಒಡೆಯಬಹುದು. ಆಮೇಲೆ ಸೋಲಾರ್ ಟ್ಯಾಂಕಿನ ಬಿಸಿನೀರಿನ ಔಟ್‌ಲೆಟ್ಟಿಗೆ, ಪೈಪ್ ಕೆಳಗಿಳಿಯುವ ಮುಂಚೆ, ಎರಡನೆಯ ಪಂಪ್ ಮತ್ತು ಎನ್‌ಆರ್‌ವಿ ಹಾಕಿ. ಅದು ಬಿಸಿನೀರು ತಾಳುವ ಪಂಪೇ ಆಗಿರಬೇಕು. ಬೇಸಿಗೆಯಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೋಗಿ ಬಂದರೆ ಸೋಲಾರ್ ನೀರು 80 ಡಿಗ್ರಿ ದಾಟಿರಬಹುದು. ಎಷ್ಟು ಡಿಗ್ರಿವರೆಗೆ ಅಂತ ಪಂಪಿನ ಮೇಲಿನ ಪ್ಲೇಟಿನಲ್ಲಿ ಬರೆದಿರುತ್ತದೆ, ಓದಿಯೇ ಕೊಳ್ಳಿ. ಎರಡೂ ಪಂಪಿನ ಒತ್ತಡ ಒಂದೇ ಇರಲಿ.

ಇನ್ನು ಏರ್ ಪೈಪ್. ತಾರಸಿಯಲ್ಲಿ ಕೋಲಿನ ಹಾಗೆ ನಿಂತು ತುದಿಯಲ್ಲಿ ಬಾಗಿರುವ ಪೈಪುಗಳಿವೆಯಲ್ಲ, ಅವನ್ನು ಒಂದೊಂದಾಗಿ ಗುರುತಿಸಿ. ಪಂಪ್ ದಾಟಿದ ಲೈನಿನಲ್ಲಿರುವುದಕ್ಕೆಲ್ಲ ಎಂಡ್ ಕ್ಯಾಪ್ ಹಾಕಬೇಕು, ಇಲ್ಲದಿದ್ದರೆ ಕಾರಂಜಿಯೇ. ಸೋಲಾರ್ ಟ್ಯಾಂಕಿನ ಏರ್ ಪೈಪನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ. ನೀರು ಸುರಿಯುತ್ತಿದೆ ಅಂತ ಅದಕ್ಕೇ ಕ್ಯಾಪ್ ಹೊಡೆದವರಿದ್ದಾರೆ. ಟ್ಯಾಂಕಿಗೆ ಗಾಳಿಯಾಡಲು ಇರುವ ದಾರಿ ಅದೊಂದೇ.

ಉಳಿದದ್ದು

ಪಂಪಿಗೆ ಬೇರೆಯೇ ಎಂಸಿಬಿ (ಲೋಡ್ ಜಾಸ್ತಿಯಾದರೆ ಕರೆಂಟ್ ಕಡಿಯುವ ಸ್ವಿಚ್), ಸರಿಯಾದ ಅರ್ತ್, 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್). ಮಳೆ ಬೀಳದ ಹಾಗೆ ಮೇಲೊಂದು ಮುಚ್ಚಿಗೆ, ಪಂಪಿನ ಕೆಳಗೆ ರಬ್ಬರ್. ಬಿಸಿನೀರಿಗೆ ಸಿಪಿವಿಸಿ (ಬಿಸಿ ತಾಳುವ ಪ್ಲಾಸ್ಟಿಕ್) ಪೈಪೇ ಆಗಬೇಕು, ಅದನ್ನು ಅಂಟಿಸುವ ಸಾಲ್ವೆಂಟೂ ಬೇರೆ. ಅಂಟಿಸಿ ಒಂದು ದಿನ ಬಿಟ್ಟು ಪಂಪ್ ಹಾಕಿ.

ಆನ್ ಮಾಡಿದ ಮೇಲೆ ಬಿಸಿ, ತಣ್ಣೀರು ಎರಡನ್ನೂ ಒಟ್ಟಿಗೆ ಬಿಡಿ. ಒಬ್ಬರು ಕೆಳಗಿರಲಿ, ಒಬ್ಬರು ತಾರಸಿಯಲ್ಲಿ ಸೋಲಾರ್ ಏರ್ ಪೈಪ್ ನೋಡುತ್ತಿರಲಿ. ಹನಿ ಬಿದ್ದರೆ ಎನ್‌ಆರ್‌ವಿ ಉಲ್ಟಾ ಕೂತಿದೆಯಾ ನೋಡಿ, ಮೈಮೇಲಿನ ಬಾಣದ ಗುರುತು ಮನೆಯ ಕಡೆಗಿರಬೇಕು. ಹೆಲ್ತ್ ಫಾಸೆಟ್ ಬಳಸಿದ ಮೇಲೆ ಗೋಡೆಯ ಆಂಗಲ್ ಕಾಕ್ ಮುಚ್ಚುವ ಅಭ್ಯಾಸವನ್ನು ಮನೆಯವರೆಲ್ಲ ಮಾಡಿಕೊಳ್ಳಲಿ. ಸದಾ ಒತ್ತಡದಲ್ಲಿದ್ದರೆ ಅದರ ಟ್ಯೂಬ್ ಒಂದಲ್ಲ ಒಂದು ದಿನ ಒಡೆಯುತ್ತದೆ. ವಾಶ್ ಬೇಸಿನ್ ಕೆಳಗಿನ ಹಳೆಯ ಕನೆಕ್ಷನ್ ಪೈಪುಗಳನ್ನೂ ಈಗಲೇ ಬದಲಿಸಿಬಿಡಿ. ಸ್ಟ್ರೈನರ್ ಅನ್ನು ತಿಂಗಳಿಗೊಮ್ಮೆ, ಟ್ಯಾಂಕ್ ತೊಳೆಸಿದ ಮಾರನೆಯ ದಿನ ತಪ್ಪದೆ, ಬಿಚ್ಚಿ ತೊಳೆಯಿರಿ.